ಸುದ್ದಿ ಮುಟ್ಟದ ಮೈ

ಸೊಸೆ ಬಂದ ಮೇಲೇ ಮಗನ ಬಾಯಲ್ಲಿ ಬಿಳಿ ಪೊರೆ ಕಟ್ಟಿದ್ದು ಅಂತ ತಾಯಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಅದು ನಿಜವಲ್ಲ. ಎಳೆಯ ಮಗುವಾಗಿದ್ದಾಗಿನಿಂದಲೂ ಅವನ ನಾಲಿಗೆಯ ಮೇಲೆ ಒಡೆದ ಹಾಲಿನಂಥ ಬಿಳುಪು ಇತ್ತು. ಕಾಲುಗುರು ದಪ್ಪಗಾಗಿ ಪುಡಿಪುಡಿಯಾಗಿ ಉದುರುತ್ತಿತ್ತು. ಅವನ ತಂಗಿಗೂ ಹಾಗೇ. ಮುಲಾಮು ಹಚ್ಚಿದರೆ ಹೋಗುತ್ತಿತ್ತು, ಬಿಟ್ಟರೆ ಮತ್ತೆ ಹಾಜರ್.

ಆದರೆ ಸೊಸೆ ಲಾಂಡ್ರಿಯಲ್ಲಿ ದುಡಿಯುವವಳು. ಊರವರ ಕೊಳೆಬಟ್ಟೆ ಮುಟ್ಟುವ ಕೈ. ಮಗ ತಲೆನೋವು ಅಂತ ಹಾಸಿಗೆ ಹಿಡಿದ. ಮಿದುಳಲ್ಲಿ ಗಡ್ಡೆ ಅಂದರು. ಆಪರೇಷನ್ ಮಾಡಿದ ಕೆಲವೇ ದಿನಕ್ಕೆ ತೀರಿಕೊಂಡ. ಆಗ ತಾಯಿಗೆ ಬೈಯುವುದಕ್ಕೆ ಒಂದು ಮುಖ ಬೇಕಾಗಿತ್ತು.

"ನಿನ್ನ ಕೊಳಕೇ ನನ್ನ ಮಗನ್ನ ತಿಂದುಹಾಕ್ತು," ಅಂದಳು.

ಸೊಸೆ ಗಂಡನ ಎರಡು ಅಂಗಿ ಚೀಲಕ್ಕೆ ತುರುಕಿಕೊಂಡು ಹೊರಟುಹೋದಳು.

ಮಗಳಿಗೆ ಕೂದಲು ಕತ್ತರಿಸುವ ಕೆಲಸ. "ನನ್ನ ಉಗುರು ನೋಡಿದ್ರೆ ಗಿರಾಕಿಗಳಿಗೆ ಕನ್ನಡಿ ಮರೆತುಹೋಗತ್ತೆ," ಅಂತ ತಾನೇ ನಗುತ್ತಿದ್ದಳು. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತವನ ಒಂದು ಕಿವಿ ಅವಳಿಗೆ ಎರಡಾಗಿ ಕಂಡಿತು. ಕಿವಿ ತಪ್ಪಿಸಿ ಕೂದಲಿಗೆ ಕತ್ತರಿ ಹಾಕಲು ಹೋಗಿ ನಿಜವಾದ ಕಿವಿಗೇ ಹಾಕಿದಳು. ರಕ್ತ ಕಂಡು ಅಲ್ಲೇ ಕುಸಿದು ಕೂತಳು. ಸ್ಕ್ಯಾನ್ ಮಾಡಿಸಿದರೆ ಮಿದುಳಲ್ಲಿ ಗಡ್ಡೆ.

ಈ ಸಲದ ಡಾಕ್ಟರ್ ಒಬ್ಬ ಹೆಂಗಸು. ಸ್ಕ್ಯಾನ್ ಪಕ್ಕಕ್ಕಿಟ್ಟು ಮೊದಲು ಹುಡುಗಿಯ ಬಾಯಿ ತೆರೆಸಿದರು.

"ಯಾವಾಗಿನಿಂದ ಹೀಗಿದೆ?"

"ನನಗೆ ಬುದ್ಧಿ ಬಂದಾಗಿನಿಂದ," ಅಂದಳು ಮಗಳು.

"ಮನೇಲಿ ಇನ್ಯಾರಿಗಾದ್ರೂ ಇತ್ತಾ?"

ಕೇಳಿದ್ದು ತಾಯಿಯನ್ನು. ಮಗಳೇ ಹೇಳಿದಳು: "ಅಣ್ಣನಿಗಿತ್ತು."

ತಲೆಯೊಳಕ್ಕೆ ಸೂಜಿ ಇಳಿಸಿ ಕೀವು ತೆಗೆದರು. ಅದು ಗಡ್ಡೆಯಲ್ಲ, ಫಂಗಸ್. ಡಾಕ್ಟರ್ ಅಷ್ಟಕ್ಕೇ ಬಿಡಲಿಲ್ಲ. ಮಗನ ತಲೆಯಿಂದ ಅಂದು ತೆಗೆದು, ಲ್ಯಾಬಿನಲ್ಲಿ ಮೇಣದೊಳಗೆ ಇಟ್ಟಿದ್ದ ಚೂರನ್ನು ಹುಡುಕಿಸಿ ತರಿಸಿದರು. ಅದರಲ್ಲೂ ಅದೇ ಫಂಗಸಿನ ಎಳೆಗಳು. ಆಗ ಯಾರೂ ಅದನ್ನು ಹುಡುಕಿರಲಿಲ್ಲ. ಮಗಳ ರಕ್ತದಿಂದ, ಮಗನ ಆ ಚೂರಿನಿಂದ ಇಬ್ಬರ ಜೀನ್ ಪರೀಕ್ಷೆಯೂ ಆಯಿತು. ಆಮೇಲೆ ತಾಯಿಯನ್ನು ಒಳಗೆ ಕರೆದು ಕೂರಿಸಿದರು.

"ಬಿಳಿ ರಕ್ತಕಣಕ್ಕೆ ಫಂಗಸ್ ತಗುಲಿದ್ರೆ, ಆ ಸುದ್ದೀನ ಕಣದ ಒಳಗೆ ಮುಟ್ಟಿಸೋಕೆ ಒಂದು ಪ್ರೋಟೀನ್ ಇದೆ. ಸುದ್ದಿ ಮುಟ್ಟಿದ್ರೇನೇ ಕಣ ಉಳಿದವನ್ನ ಕರೆಯೋದು, ಕೊಲ್ಲೋದು. ನಿಮ್ಮ ಮಕ್ಕಳಲ್ಲಿ ಆ ಪ್ರೋಟೀನೇ ಕೆಟ್ಟಿದೆ. ಊತ ಇಳಿಯಲಿ ಅಂತ ನಿಮ್ಮ ಮಗನಿಗೆ ಕೊಟ್ಟ ಔಷಧಿ, ಇದ್ದ ಚೂರು ಶಕ್ತೀನೂ ಕುಗ್ಗಿಸಿರಬೇಕು."

"ಕೊಳೆಯಿಂದ ಬಂದಿದ್ದಲ್ವಾ ಇದು?"

"ಈ ಫಂಗಸ್ ಎಷ್ಟೋ ಜನರ ಬಾಯಲ್ಲಿ ಸುಮ್ಮನೆ ಇರತ್ತಮ್ಮ. ಕೊಳೆಗೂ ಇದಕ್ಕೂ ಸಂಬಂಧ ಇಲ್ಲ."

"ಮತ್ತೆ ಎಲ್ಲಿಂದ ಬಂತು?"

"ಕೆಟ್ಟ ಜೀನ್ ಒಂದು ಅವರಪ್ಪನಿಂದ ಬಂತು, ಇನ್ನೊಂದು ನಿಮ್ಮಿಂದ. ನಿಮ್ಮಿಬ್ಬರಲ್ಲೂ ಒಂದೊಂದು ಒಳ್ಳೇದಿತ್ತು, ಅದಕ್ಕೇ ನಿಮಗೇನೂ ಆಗಲಿಲ್ಲ. ಇದರಲ್ಲಿ ಯಾರದೂ ತಪ್ಪಿಲ್ಲ."

ಕೊನೆಯ ಮಾತು ತಾಯಿಯ ಕಿವಿಗೆ ಬೀಳಲೇ ಇಲ್ಲ.

ತಿಂಗಳುಗಟ್ಟಲೆ ಮಗಳ ನರಕ್ಕೆ ಔಷಧಿ ಇಳಿಯಿತು. ಕಣಗಳನ್ನು ಬೇರೆ ದಾರಿಯಿಂದ ಎಬ್ಬಿಸುವ ಇಂಜೆಕ್ಷನ್ನೂ ಕೊಟ್ಟರು. ಜ್ವರ, ನಡುಕ, ವಾಂತಿ; ತಲೆ ಬೋಳಾಯಿತು. ಹುಡುಗಿ ಬದುಕಿದಳು. ಬಲಗಣ್ಣು ಮಾತ್ರ ಹೋಯಿತು. ಕತ್ತರಿಯನ್ನು ಮತ್ತೆ ಕೈಗೆ ತೆಗೆದುಕೊಳ್ಳುವ ಧೈರ್ಯ ಬರಲಿಲ್ಲ.

ಮನೆಗೆ ಬಂದ ದಿನ ಅವಳು ಕೇಳಿದ್ದು ಒಂದೇ: "ಅತ್ತಿಗೆಗೆ ಹೇಳಿದ್ಯಾ?"

ಲಾಂಡ್ರಿಯೊಳಗೆ ಹಬೆ ಕವಿದಿತ್ತು. ಸೊಸೆ ಒದ್ದೆ ಹೊದಿಕೆಗಳನ್ನು ಮೆಷಿನ್ನಿಗೆ ಕೊಡುತ್ತಿದ್ದಳು. ಅತ್ತೆಯನ್ನು ಕಂಡು ಅವಳ ಕೈ ನಿಂತಿತು.

"ಅವಳು ಹೇಗಿದ್ದಾಳೆ?"

"ಬದುಕಿದ್ದಾಳೆ."

ತಾಯಿ ಎಲ್ಲವನ್ನೂ ಹೇಳಿದಳು, ನಿಂತುಕೊಂಡೇ. ಪ್ರೋಟೀನ್ ಎನ್ನುವಲ್ಲಿ ತಡವರಿಸಿದಳು. ನನ್ನಿಂದ ಬಂತು ಎನ್ನುವಲ್ಲಿ ತಡವರಿಸಲಿಲ್ಲ.

ಸೊಸೆ ಕೈಲಿದ್ದ ಹೊದಿಕೆ ಕೆಳಗಿಟ್ಟಳು: "ಅವರು ಹೋದ್ಮೇಲೆ ನಾನು ಬ್ಲೀಚ್‌ನಲ್ಲಿ ಕೈ ತೊಳೀತಿದ್ದೆ ಅತ್ತೆ, ಚರ್ಮ ಸುಲಿಯೋ ತನಕ. ನೀವು ಹೇಳಿದ್ದು ನಿಜ ಇರಬೇಕು ಅಂದ್ಕೊಂಡಿದ್ದೆ."

"ತಪ್ಪಾಯ್ತು ಕಣೇ. ಮನೆಗೆ ಬಾ."

"ಅವಳನ್ನ ನೋಡೋಕೆ ಬರ್ತೀನಿ. ನೀವಿಲ್ಲದಾಗ."

ಭಾನುವಾರ ಬೆಳಗ್ಗೆ ತಾಯಿ ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗಮ್ಮಾ?"

"ಎಲ್ಲಿಗೂ ಇಲ್ಲ," ಅಂದಳು. "ಅವಳು ಬರಲಿ." ಬಾಗಿಲನ್ನು ಅರ್ಧ ತೆರೆದೇ ಬಿಟ್ಟು ಬೀದಿಗಿಳಿದಳು.