ಶಾಲಿನೊಳಗಿನ ಕೈ

ನನ್ನ ದೋಸ್ತ್ ಸುಬಾನಸಾಬ ಸಂತೇಬೆನ್ನೂರಾಗೆ ಎತ್ತಿನ ದಲ್ಲಾಳಿ. ಬಾಯಿ ಬಿಡದೆ, ಟವಲ್ ಕೆಳಗೆ ಗಿರಾಕಿ ಬೆರಳು ಒತ್ತೇ ಎತ್ತಿನ ರೇಟ್ ಮಾತಾಡೋನು. ಎದೆ ಡವಡವ ಅಂತೈತೆ ಅಂದ, ಚನ್ನಗಿರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಲ್ಲಿ ಅವತ್ತು ಎಳೇ ಡಾಕ್ಟರ್‌ಗಳಿಗೆ ವಯಸ್ಸಾದೋರ ಹಾರ್ಟ್ ನೋಡೋ ಟ್ರೈನಿಂಗ್.

ಒಬ್ಬೊಬ್ಬರೇ ಬಂದು ಸಾಬ ಹೊದ್ದಿದ್ದ ಶಾಲಿನೊಳಗೆ ಕೈ ಹಾಕಿ ನಾಡಿ ಹಿಡಿದ್ರು, ಇಂಗ್ಲೀಷಲ್ಲಿ ಗುಸುಗುಸು ಅಂದ್ರು.

"ಲೇ, ಇವರು ನನಗೇ ರೇಟ್ ಕಟ್ಟಾಕೆ ನಿಂತಾರೆ!" ಅಂತ ಸಾಬ ಕೈ ಕಿತ್ಕೊಂಡು ಓಡಿದ ನೋಡ್ರಿ, ಹೊನ್ನಾಳಿ ಬಸ್ಸೇ ಹಿಂದೆ ಬಿತ್ತು! ಗೇಟಿನತ್ರ ಕುಸಿದ.

ದೊಡ್ಡ ಡಾಕ್ಟರಮ್ಮ ಬಂದು, "ಸಾಬ್ರೇ, ನಿಮ್ಮ ನಾಡಿ ನಡುನಡುವೆ ತಪ್ತೈತೆ. ಅದನ್ನ ಹಿಡಿಯಾಕೆ ಇವರು ಕಲೀತಾರೆ. ಮಾತ್ರೆ ತಗೊಳ್ರಿ, ಗಟ್ಟಿಯಾಗ್ತೀರಿ" ಅಂದ್ರು.

ಸಾಬ ಮಾತ್ರೆ ನುಂಗಿದ. ಆಮೇಲೆ ನನ್ನ ಕಿವಿಯಾಗೆ, "ಮಾರೋ ಮುಂಚೆ ನಾವೂ ಎತ್ತಿಗೆ ಹಿಂಡಿ ಹಾಕಿ ಗಟ್ಟಿ ಮಾಡಲ್ವೇನೋ?" ಅಂದ.