ಐವತ್ತು ಸಲ ಎಗರಿದ ಭುಜ

ಆಸ್ಪತ್ರೆಯ ಮೆದುಳು ಪರೀಕ್ಷೆಯ ಕೋಣೆಯಲ್ಲಿ ನನ್ನ ಕೆಲಸ ಬೇರೆಯವರ ತಲೆಗೆ ಪೇಸ್ಟು ಹಚ್ಚುವುದು. ನನ್ನ ತಲೆಗೆ ಏನನ್ನೂ ಹಚ್ಚಿಕೊಳ್ಳದಿರುವುದು. ಹನ್ನೊಂದು ವರ್ಷದಿಂದ ಹಾಗೇ ನಡೆದುಕೊಂಡು ಬಂದಿತ್ತು. ಆ ಮಂಗಳವಾರ ಕುರ್ಚಿಯಲ್ಲಿ ಕೂತವಳು ನನ್ನ ಅಕ್ಕ.

ಅಕ್ಕ ಬಟ್ಟೆ ಹೊಲಿಯುವವಳು. ಏಳು ತಿಂಗಳಿಂದ ಅವಳ ಬಲಭುಜ ತಾನಾಗಿ ಎಗರುತ್ತದೆ. ಕತ್ತರಿ ಹಿಡಿದರೆ ರವಿಕೆಯ ತೋಳಿಗೆಂದು ಇಟ್ಟ ಬಟ್ಟೆ ಕರವಸ್ತ್ರವಾಗುತ್ತದೆ. ಭುಜ ಎಗರಿದಾಗೆಲ್ಲ ಭಾವ ಎಗರಾಡುತ್ತಿದ್ದರು: "ನಾಟಕ!"

ಆ ಮಾತು ಅವರ ಬಾಯಿಗೆ ಬರಲು ನಾನೇ ಕಾರಣ. ಒಂದು ದಿನ ಎಲ್ಲರೂ ಊಟಕ್ಕೆ ಕೂತಾಗ ಅಕ್ಕನ ಭುಜವನ್ನು ಅಣಕಿಸಿ ತೋರಿಸಿದ್ದೆ. ಮೊದಲು ಕತ್ತು ಸೊಟ್ಟ, ಆಮೇಲೆ ಮೊಣಕೈ, ಕೊನೆಗೆ ಸಣ್ಣದೊಂದು ಉಸಿರು. ಚಿಕ್ಕಂದಿನಿಂದ ಮನೆಯಲ್ಲಿ ನನ್ನನ್ನು ಗಿಣಿ ಅನ್ನುವುದು ಸುಮ್ಮನೆ ಅಲ್ಲ. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಭಾವ ನಗಲಿಲ್ಲ.

"ಕಾಯಿಲೆ ಇಲ್ಲದೋನೇ ಇಷ್ಟು ಚೆನ್ನಾಗಿ ಮಾಡ್ತಾನೆ. ಇವಳಿಗೆ ಮಾತ್ರ ಕಾಯಿಲೆನೇ ಆಗಬೇಕಾ?"

ಅದಾದ ಮೇಲೆ ಅಕ್ಕ ನನ್ನ ಹತ್ತಿರ ಕೇಳಿದ್ದು ಒಂದೇ. "ನಾಟಕ ಅಲ್ಲ ಅಂತ ನಿನ್ನ ಮಿಷನ್ ಹೇಳ್ಲಿ ಕಣೋ ಗಿಣಿ. ಅಷ್ಟು ಸಾಕು."

ಮಿಷನ್ನು ಹೇಳುವುದು ಇಷ್ಟು. ನಾವು ಬೇಕೆಂದು ಕೈ ಎತ್ತುವ ಒಂದು ಸೆಕೆಂಡು ಮೊದಲೇ ಮೆದುಳು ಸದ್ದಿಲ್ಲದೆ ಸಜ್ಜಾಗುತ್ತದೆ. ಗ್ರಾಫಿನಲ್ಲಿ ಅದೊಂದು ಸಣ್ಣ ಏರು. ಒಂದೇ ಸಲದ ಚಲನೆಯಲ್ಲಿ ಕಾಣುವುದಿಲ್ಲ, ಉಳಿದ ಗದ್ದಲದಲ್ಲಿ ಮುಳುಗಿರುತ್ತದೆ. ಐವತ್ತು ಸಲದ್ದನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಮೇಲೇಳುತ್ತದೆ. ತಾನಾಗಿ ಆಗುವ ಚಲನೆಗೆ ಸಾಮಾನ್ಯವಾಗಿ ಈ ಏರು ಇರುವುದಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಆ ಚಪ್ಪಟೆ ಗೆರೆ.

ತಲೆಗೆ, ಭುಜಕ್ಕೆ ಮಿಷನ್ನಿನ ತಂತಿಯ ಬಿಲ್ಲೆಗಳನ್ನು ಪೇಸ್ಟಿನಿಂದ ಅಂಟಿಸಿದೆ. ಭುಜ ಎಗರಿದ್ದನ್ನು ಎಣಿಸಿದೆ. ಐವತ್ತು ಆಗಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.

ಡಾಕ್ಟರಮ್ಮ ಬಂದು, "ಹೋಲಿಸಿ ನೋಡೋಕೆ ಬೇಕಂತ್ಲೇ ಮಾಡಿದ್ದೂ ಒಂದು ಬೇಕಲ್ಲ. ನೀನೇ ಕೂತ್ಕೊಳಪ್ಪ. ಅಣಕಿಸೋದು ನಿನಗೆ ಹೇಳಿಕೊಡಬೇಕಾ?" ಎಂದರು.

ಅವರೇ ನನ್ನ ತಲೆಗೂ ಪೇಸ್ಟು ಹಚ್ಚಿ ಬಿಲ್ಲೆ ಅಂಟಿಸಿದರು. ಅಕ್ಕನ ಎದುರೇ ಕೂತು ಅಕ್ಕನಾದೆ. ಕತ್ತು, ಮೊಣಕೈ, ಉಸಿರು. ಮೂವತ್ತರ ಹೊತ್ತಿಗೆ ಭುಜದಲ್ಲಿ ಬೆಂಕಿ. ಐವತ್ತಕ್ಕೆ ಕೈ ನನ್ನದಲ್ಲ ಅನ್ನಿಸಿತು. ಅಕ್ಕ ಗಡಿಯಾರ ನೋಡುತ್ತಿದ್ದಳು.

ಎರಡು ಹಾಳೆ ಹೊರಬಂದವು. ಎರಡರಲ್ಲೂ ಏರು ಇತ್ತು.

"ಇದು ನಾಟಕ ಅಂತಲ್ಲ ನೋಡಮ್ಮ," ಡಾಕ್ಟರಮ್ಮ ಅಕ್ಕನಿಗೆ ಹೇಳಿದರು. "ಮೆದುಳು ಸಿದ್ಧ ಆಗ್ತಿದೆ, ನಿಮಗೆ ತಿಳಿಸ್ತಿಲ್ಲ ಅಷ್ಟೆ. ಇಂಥ ಕಾಯಿಲೆ ಇದೆ. ಸರಿಯಾದ ವ್ಯಾಯಾಮದಿಂದ ಎಷ್ಟೋ ಜನಕ್ಕೆ ವಾಸಿ ಆಗಿದೆ."

ಅಕ್ಕ ಹಾಳೆಗಳನ್ನು ಅಕ್ಕಪಕ್ಕ ಹಿಡಿದಳು. "ನನ್ನದು ಯಾವುದೋ?"

"ಎಡಗಡೆದು."

"ನಿನ್ನದೇ ಚೆನ್ನಾಗಿ ಬಂದಿದೆ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ. ಅದನ್ನು ಗಮನಿಸಿದೆ, ಅಷ್ಟೆ.

ಹೊರಗಿನ ಬೆಂಚಿನಲ್ಲಿ ಭಾವ ಕೂತಿದ್ದರು. ಅಕ್ಕ ಹಾಳೆಗಳನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು. ನಾನು ಡಾಕ್ಟರಮ್ಮನ ಮಾತನ್ನು ಒಪ್ಪಿಸಿದೆ. ಅಭ್ಯಾಸಬಲ, ಡಾಕ್ಟರಮ್ಮನದೇ ದನಿಯಲ್ಲಿ ಬಂತು. ಯಾರೂ ನಗಲಿಲ್ಲ.

"ಮೆದುಳು ಯಾರದ್ದು? ಇವಳದ್ದೇ ತಾನೆ?" ಎಂದರು ಭಾವ. "ಸಿದ್ಧ ಮಾಡ್ಕೊಂಡು ಮಾಡೋದಕ್ಕೆ ನಾಟಕ ಅನ್ನದೆ ಇನ್ನೇನಂತಾರೆ?"

ಐವತ್ತು ಸಲ ಎಗರಿಸಿದ ನನ್ನ ಭುಜ ನೋಯುತ್ತಿತ್ತು. ಹಾಗಾಗಿ ಹೇಳಿದೆ. "ಭಾವ, ನೀವೂ ಒಂದ್ಸಲ ಮಾಡಿ. ಐವತ್ತು."

"ನನಗೇನು ತಲೆ ಕೆಟ್ಟಿದೆಯಾ?"

"ನಾಟಕ ತಾನೆ? ಸುಲಭ."

ಅವರು ಹಾಳೆಗಳನ್ನು ಬೆಂಚಿನ ಮೇಲಿಟ್ಟು, ನನ್ನನ್ನು ದುರುಗುಟ್ಟಿ ನೋಡುತ್ತಲೇ ಭುಜ ಎಗರಿಸತೊಡಗಿದರು. ನಾನು ಎಣಿಸಿದೆ. ಎದುರು ಬೆಂಚಿನ ಮುದುಕರೊಬ್ಬರು ಪತ್ರಿಕೆ ಮಡಚಿಟ್ಟು ನೋಡಿದರು. ಹತ್ತೊಂಬತ್ತಕ್ಕೆ ಭಾವ ಭುಜ ಹಿಡಿದುಕೊಂಡರು.

"ಸಾಕಪ್ಪ," ಎಂದು ನಿಲ್ಲಿಸಿದರು.

ಅಷ್ಟರಲ್ಲಿ ಪಕ್ಕದಲ್ಲಿ ಅಕ್ಕನ ಭುಜ ಎಗರಿತು. ಸ್ವಲ್ಪ ಬಿಟ್ಟು ಮತ್ತೆ. ಭಾವ ಅದನ್ನೇ ನೋಡುತ್ತಿದ್ದರು. ಇನ್ನೊಂದು ಸಲ ಎಗರುವವರೆಗೂ ನೋಡಿದರು.

"ದಿನಕ್ಕೆಷ್ಟು ಆಗುತ್ತೆ?" ಕೇಳಿದ್ದು ನನ್ನನ್ನು.

"ಆರುನೂರು," ಎಂದಳು ಅಕ್ಕ. "ಆಮೇಲೆ ಎಣಿಸೋದು ಬಿಟ್ಟೆ."

ನಾಟಕ ಎಂದೂ ಅವರು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅವಳ ಚೀಲವನ್ನು ತೆಗೆದು ತಮ್ಮ ನೋಯದ ಭುಜಕ್ಕೆ ಹಾಕಿಕೊಂಡರು. "ವ್ಯಾಯಾಮದ ಚೀಟಿ ಎಲ್ಲಿ?" ಎಂದರು. ಡಾಕ್ಟರಮ್ಮ ಬರೆದದ್ದನ್ನು ಕೊಟ್ಟೆ. ಇಬ್ಬರೂ ಮೆಟ್ಟಿಲಿಳಿದರು.

ಆಗ ಕಂಡಿತು: ಅಕ್ಕನ ಕೂದಲಲ್ಲಿ ಪೇಸ್ಟು ಹಾಗೇ ಒಣಗಿತ್ತು. ತೊಳೆದು ಕಳಿಸುವುದನ್ನು ಮರೆತಿದ್ದೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಕರೆಯೋಣವೆಂದು ಕೈ ಎತ್ತಲು ಹೋದೆ. ಭುಜ ಏಳಲಿಲ್ಲ.