ವಾರಕ್ಕೆ ಮೂರು ಉಪವಾಸ

ನನ್ನ ಗಂಡನ ಅಕ್ಕ ಜಯಕ್ಕ ಅಮೆರಿಕದಿಂದ ಜರ್ಮನಿಯ ಇಂಗೋಲ್‌ಸ್ಟಾಟ್‌ನ ನಮ್ಮ ಮನೆಗೆ ಬಂದ ಮೊದಲ ವಾರವೇ ನನಗೆ ಅವರ ಮೇಲೆ ಸಿಟ್ಟು ಬಂತು. ಸೋಮವಾರ ಶಿವನದು, ಗುರುವಾರ ಗುರುಗಳದು, ಶನಿವಾರ ಹನುಮಪ್ಪನದು ಎಂದು ವಾರಕ್ಕೆ ಮೂರು ಉಪವಾಸ. ಅದೂ ಸಾಬೂದಾನಿ ಖಿಚಡಿ ಮಾಡಿಕೊಟ್ಟರೆ ತಿನ್ನುವಂಥ ಉಪವಾಸವಲ್ಲ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಲ್ಲಿಗೆ ಮುಗಿಯಿತು. ಮೊದಲ ಸೋಮವಾರ ನಾನು ಮಾಡಿದ ಖಿಚಡಿ ಹಾಗೇ ಉಳಿದು ಮರುದಿನ ನನ್ನ ಡಬ್ಬಿಗೇ ಬಂತು.

ನನ್ನ ಗಂಡ ಶೈಲೇಶ ಕಾರು ಕಂಪನಿಯಲ್ಲಿ ಎಂಜಿನಿಯರು. ಅಕ್ಕನ ಭಕ್ತಿ ಕಂಡು ಕರಗಿಹೋದರು.

"ಅಮೆರಿಕಾದಾಗ ಇಪ್ಪತ್ತು ವರ್ಷ ಇದ್ರೂ ಅಕ್ಕ ಹ್ಯಾಂಗ ನೇಮ ಹಿಡದಾಳ ನೋಡು. ನೀನೂ ಒಂದು ಸೋಮಾರ ಮಾಡಬಾರದೇನು, ಬಸು?"

"ಸೋಮಾರ ಎಂಟು ತಾಸು ನಿಂತು ಕೆಲಸ ಮಾಡ್ತೀನಲ್ರೀ, ಅದೂ ಒಂದು ನೇಮನ," ಎಂದೆ.

ನಾನು ಹುಬ್ಬಳ್ಳಿಯಲ್ಲಿ ಫಾರ್ಮಸಿ ಓದಿದವಳು. ಆ ಪದವಿಯನ್ನು ಜರ್ಮನಿಯವರು ಒಪ್ಪುವ ತನಕ ಇಲ್ಲಿಯ ಒಂದು ಅಪೊಥೇಕೆಯಲ್ಲಿ, ಅಂದರೆ ಔಷಧಿ ಅಂಗಡಿಯಲ್ಲಿ, ಪೆಟ್ಟಿಗೆ ಜೋಡಿಸುವ ಸಹಾಯಕಿ. ಗಂಡನ ಮಾತು ಚುಚ್ಚಿ, ಹಟಕ್ಕೆ ಬಿದ್ದು, ಎರಡನೆಯ ಗುರುವಾರ ನಾನೂ ಉಪವಾಸ ಹಿಡಿದೆ. ಮಧ್ಯಾಹ್ನ ಎರಡಕ್ಕೆ ಕಣ್ಣು ಕತ್ತಲಿಟ್ಟಿತು. ಬಸ್ ನಿಲ್ದಾಣದ ಬೇಕರಿಯಲ್ಲಿ ನಿಂತುಕೊಂಡೇ ಬ್ರೆಟ್ಸೆಲ್ ಎಂಬ ಉಪ್ಪಿನ ಬ್ರೆಡ್ಡು ಎರಡು ತಿಂದೆ. ಮನೆಯಲ್ಲಿ ಹೇಳಲಿಲ್ಲ.

ಏಪ್ರಿಲ್ ಹತ್ತೊಂಬತ್ತು, ಭಾನುವಾರ. ಜಯಕ್ಕ ಮಧ್ಯಾಹ್ನ ಎರಡು ರೊಟ್ಟಿ, ಕಾಳುಪಲ್ಯ ಉಂಡು, ಅಡುಗೆಮನೆಯಲ್ಲಿ ಗುಳಿಗೆ ನುಂಗಿ, ಅಮೆರಿಕದಿಂದ ಗಂಡನ ಫೋನ್ ಬಂತೆಂದು ಬಾಲ್ಕನಿಗೆ ಹೋದರು. ಗುಳಿಗೆಯ ಬಾಟಲಿ ಕಟ್ಟೆಯ ಮೇಲೆಯೇ ಉಳಿಯಿತು. ಬಿಪಿಗೋ ಏನಕ್ಕೋ ಇರಬೇಕು ಎಂದುಕೊಂಡೆ. ಆದರೂ ಔಷಧಿಯ ಚೀಟಿ ಕಂಡರೆ ಓದದೆ ಬಿಡುವ ಕಣ್ಣು ನನ್ನದಲ್ಲ.

ಹೃದಯದ ಬಡಿತ ತಪ್ಪುವವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆ ಅದು. ದಿನಕ್ಕೊಂದು, ಊಟದ ಜೊತೆ. ಬಿಟ್ಟು ಬಿಟ್ಟು ತೆಗೆದುಕೊಂಡರೆ ಹೆಪ್ಪು ಮಿದುಳಿಗೆ ಹೋಗಿ ಲಕ್ವಾ ಹೊಡೆಯಬಹುದು, ಜೀವವೇ ಹೋಗಬಹುದು. ಮಾರ್ಚ್ ಮೂರಕ್ಕೆ ಕೊಟ್ಟ ಮೂವತ್ತು ಗುಳಿಗೆ ಎಂದು ಚೀಟಿಯಲ್ಲಿತ್ತು. ಏಪ್ರಿಲ್ ಒಂದಕ್ಕೋ ಎರಡಕ್ಕೋ ಮುಗಿಯಬೇಕಿತ್ತು. ಬಾಟಲಿ ಬಗ್ಗಿಸಿದೆ, ಇನ್ನೂ ಮೂರು ಇದ್ದವು.

ಜಯಕ್ಕ ಒಳಗೆ ಬಂದಾಗ ಬಾಟಲಿ ನನ್ನ ಕೈಯಲ್ಲಿತ್ತು.

"ಅಕ್ಕಾರ, ಇದು ದಿನಾ ತಗೊಳ್ಳೋ ಗುಳಿಗಿ."

"ಹೌದವಾ. ಉಂಡ ಮ್ಯಾಲೆ ತಗೊಳ್ಳೋದು. ಉಪವಾಸ ಇದ್ದಾಗ ಹ್ಯಾಂಗ ತಗೋಬೇಕು?"

"ಉಪವಾಸ ಯಾವಾಗಿಂದ ಹಿಡದ್ರಿ?"

ಅವರು ಕುರ್ಚಿ ಎಳೆದು ಕೂತರು. ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು.

"ನಮ್ಮ ಮನಿಯವ್ರು, ನಿಮ್ಮ ಅಣ್ಣಾರ ಕೆಲಸ ಹೋದಾಗಿಂದ. ಕಂಪನಿ ಜೋಡಿ ಇನ್ಶೂರೆನ್ಸೂ ಹೋತು. ಈಗ ಇರೋದು ನಾವ ಕೊಂಡದ್ದು. ವರ್ಷದ ಮೊದಲನೇ ಎಂಟು ಸಾವಿರ ಡಾಲರ್ ನಮ್ಮ ಕೈಲಿಂದ ಹೋದ ಮ್ಯಾಲೆ ಅದು ಬಾಯಿ ತೆಗೀತದ. ಈ ಒಂದು ಬಾಟ್ಲಿಗೆ ತಿಂಗಳಾ ಐನೂರು ಡಾಲರ್ ಮ್ಯಾಲೆ, ಬಸು."

"ಅಣ್ಣಾರಿಗೆ ಹೇಳಿಲ್ಲೇನ್ರೀ?"

"ಹೇಳಿದ್ರ ಅರವತ್ತೊಂದನೇ ವಯಸ್ಸಿನಾಗ, ಆ ಬೆನ್ನು ಇಟ್ಕೊಂಡು, ಗೋದಾಮಿನಾಗ ಮೂಟಿ ಹೊರಾಕ ಹೋಗ್ತಾರ. ಗುಳಿಗಿ ಬಿಟ್ಟೀನಿ ಅಂದ್ರ ಬೈತಾರ. ದೇವರ ಉಪವಾಸ ಅಂದ್ರ ಯಾರೂ ಏನೂ ಅನ್ನೂದಿಲ್ಲ. ನೀವೂ ಅನ್ನಲಿಲ್ಲಲ್ಲ."

ಅನ್ನಲಿಲ್ಲ, ನಿಜ. ದಿನವಿಡೀ ಊರವರ ಗುಳಿಗೆ ಎಣಿಸುವವಳು, ನನ್ನ ಮನೆಯಲ್ಲಿ ಕೂತ ಹೆಂಗಸು ಸಾವಿನ ಜೊತೆ ಚೌಕಾಸಿ ಮಾಡುತ್ತಿರುವಾಗ ಉಳಿದ ಖಿಚಡಿಗೆ ಸಿಟ್ಟು ಮಾಡಿಕೊಂಡು ಕೂತಿದ್ದೆ. ನನಗೆ ನಾಚಿಕೆಯಾಯಿತು.

ಶೈಲೇಶರಿಗೆ ಹೇಳಿದಾಗ ಅವರ ಮುಖ ಬಿಳಿಚಿತು. ದುಡ್ಡು ಕಳಿಸುತ್ತೇನೆ ಎಂದರು. ಜಯಕ್ಕ ಒಪ್ಪಲಿಲ್ಲ.

"ತವರಿನ ಸೀರಿ ಕೊಡು, ಉಟಗೋತೀನಿ. ತಮ್ಮನ ಕಡೆ ಔಷಧಿ ದುಡ್ಡು ಇಸ್ಕೊಳ್ಳುವಷ್ಟು ನಾನಿನ್ನೂ ಇಳಿದಿಲ್ಲ. ಮತ್ತ ನಿಮ್ಮ ಮಾಮಾಗ ಇದೇನೂ ಗೊತ್ತಾಗಬಾರದು. ಇಬ್ರೂ ಮಾತು ಕೊಡ್ರಿ."

ಮಾತು ಕೊಟ್ಟೆವು.

ಮರುದಿನ ಸೋಮವಾರ. ನಮ್ಮ ಮನೆಯ ಡಾಕ್ಟರು ಜಯಕ್ಕನನ್ನು ಪರೀಕ್ಷಿಸಿ, ಸ್ವಂತ ದುಡ್ಡಿನಲ್ಲಿ ಕೊಳ್ಳುವ ಖಾಸಗಿ ಚೀಟಿ ಬರೆದುಕೊಟ್ಟರು. ನನ್ನ ಅಪೊಥೇಕೆಯಲ್ಲಿ ಒಡತಿ ಫ್ರೌ ಹೂಬರ್ ಹದಿನಾಲ್ಕು ಗುಳಿಗೆಯ ಚಿಕ್ಕ ಪೆಟ್ಟಿಗೆ ತಂದಿಟ್ಟು, ಅಮೆರಿಕದ್ದಕ್ಕಿಂತ ಎಷ್ಟೋ ಕಡಿಮೆ ದರ ಹೇಳಿದರು. ಜಯಕ್ಕ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ತಪ್ಪಾಗಿರಬೇಕು. ಇನ್ನೊಮ್ಮೆ ಕೇಳು."

"ತಪ್ಪಿಲ್ರೀ. ಅದ ಕಂಪನಿ, ಅದ ಗುಳಿಗಿ. ಇಲ್ಲೆ ಕಂಪನಿಯವರು ಬಾಯಿಗೆ ಬಂದ ದರ ಹೇಳಾಕ ಬರೂದಿಲ್ಲ, ಇನ್ಶೂರೆನ್ಸಿನವರ ಜೋಡಿ ಕೂತು ಮಾತಾಡಿ ಒಪ್ಪಿಸಬೇಕು."

"ಹಂಗಾರ ಅಲ್ಲೆ ನಮ್ಮ ಪರವಾಗಿ ಯಾರೂ ಕೂತು ಮಾತಾಡೂದಿಲ್ಲೇನು?" ಎಂದರು ಜಯಕ್ಕ. ತಮ್ಮ ಕಾರ್ಡಿನಿಂದಲೇ ಹಣ ಕೊಟ್ಟು, ಮನೆಗೆ ಬಂದು, ಸೋಮವಾರ ಎಂಬುದನ್ನು ಮರೆತವರಂತೆ ಎಣ್ಣೆಗಾಯಿ ಹಚ್ಚಿಕೊಂಡು ರೊಟ್ಟಿ ತಿಂದರು. ಮೂರನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡರು.

ಅವರು ಹೊರಡುವ ದಿನ ಮನೆಮಗಳಿಗೆ ಉಡಿ ತುಂಬಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಬಟ್ಟೆ, ಮತ್ತು ಅವುಗಳ ನಡುವೆ ತೊಂಬತ್ತೆಂಟು ಗುಳಿಗೆಯ ದೊಡ್ಡ ಪೆಟ್ಟಿಗೆ. ಡಾಕ್ಟರ ಹತ್ತಿರ ಮೊದಲೇ ಚೀಟಿ ಬರೆಸಿಟ್ಟುಕೊಂಡಿದ್ದೆ. ಕಸ್ಟಮ್ಸಿನವರು ತಡೆದಾರು, ಮೂರು ತಿಂಗಳಿನದಕ್ಕಿಂತ ಹೆಚ್ಚು ಒಯ್ಯುವುದು ಬೇಡ, ಅಂಚೆಯಲ್ಲಂತೂ ಕಳಿಸಲೇಬೇಡ ಎಂದು ಫ್ರೌ ಹೂಬರ್ ಎಚ್ಚರಿಸಿದ್ದರು. ಜಯಕ್ಕ ಪೆಟ್ಟಿಗೆ ನೋಡಿ ತಲೆಯೆತ್ತಿದರು.

"ಉಡಿಯಾಗಿಂದ ತೆಗೆದು ತಿರುಗಿ ಕೊಡಬಾರದ್ರೀ ಅಕ್ಕಾರ," ಎಂದೆ.

ಅವರ ಕಣ್ಣು ತುಂಬಿತು. ಸೆರಗಿನ ಗಂಟು ಬಿಗಿ ಮಾಡಿಕೊಂಡರು.

ಅಂದಿನಿಂದ ದಿನಾ ಸಂಜೆ ಏಳಕ್ಕೆ, ಅಂದರೆ ಒಹಾಯೊದಲ್ಲಿ ಮಧ್ಯಾಹ್ನ ಒಂದಕ್ಕೆ, ನಾನು ಫೋನ್ ಮಾಡತೊಡಗಿದೆ.

"ಊಟ ಆತೇನ್ರೀ?"

"ಆತವಾ."

"ಗುಳಿಗಿ?"

"ಆತು."

ಮೇ, ಜೂನ್, ಜುಲೈ ಹೀಗೇ ಕಳೆದವು. ಗುಳಿಗೆ ಮುಗಿಯುವಷ್ಟರಲ್ಲಿ ಅಣ್ಣನಿಗೆ ಎಲ್ಲಾದರೂ ಕೆಲಸ ಸಿಕ್ಕೀತು ಎಂದು ನಾವು ಕಾಯುತ್ತಿದ್ದೆವು. ಸಿಗಲಿಲ್ಲ. ಆಗಸ್ಟ್ ಎರಡನೆಯ ಸೋಮವಾರ ಎಂದಿನಂತೆ ಫೋನ್ ಮಾಡಿ, ಊಟ ಆಯಿತೇ ಎಂದು ಕೇಳಿದೆ.

"ಇವತ್ತ ಸೋಮಾರ ಅಲ್ಲೇನ್ ಬಸು," ಎಂದರು ಜಯಕ್ಕ. "ಉಪವಾಸ."

ಎದುರಿಗೆ ಕೂತ ಶೈಲೇಶ ನನ್ನ ಮುಖ ನೋಡಿ ಲ್ಯಾಪ್‌ಟಾಪ್ ಮುಚ್ಚಿದರು. ಕೊಟ್ಟ ಮಾತು ನೆನಪಾಯಿತು. ಆ ಮಾತು ಉಳಿಸಿಕೊಂಡು ಜಯಕ್ಕನನ್ನು ಕಳೆದುಕೊಳ್ಳುವ ಮನಸ್ಸು ನನಗಿರಲಿಲ್ಲ.

"ಅಕ್ಕಾರ, ಅಣ್ಣಾರು ಮನ್ಯಾಗ ಅದಾರೇನು?"

"ಅದಾರ. ಇಲ್ಲೇ ಉಣ್ಣಾಕತ್ತಾರ. ಯಾಕ?"

"ಫೋನ್ ಅವರ ಕೈಯಾಗ ಕೊಡ್ರಿ."

"ಬ್ಯಾಡ ಬಸು," ಎಂದರು ಸಣ್ಣ ದನಿಯಲ್ಲಿ.

"ನೀವು ಕೊಡದಿದ್ರ ನಾನ ಅವರ ನಂಬರಿಗೆ ಹಚ್ತೀನ್ರೀ."

ಫೋನ್ ಕೈ ಬದಲಾಯಿಸಿತು. "ಹೇಳವಾ ತಂಗಿ, ಆರಾಮ ಅದೀರಿಲ್ಲ?" ಎಂದು ಅಣ್ಣ ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೇಳಿದರು.

"ಅಣ್ಣಾರ," ಎಂದೆ, "ಅಕ್ಕಾರು ಯಾವ ದೇವರಿಗೂ ಉಪವಾಸ ಮಾಡಾಕತ್ತಿಲ್ಲ."